ಅಪರೂಪದ ನಾಣ್ಯಗಳೆಂಬುವುಗಳ ವಿಚಾರ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳವನ್ನು ದಾಟಿದ ಮೇಲೆ ತಾಂಡವಪುರವು ಸಿಕ್ಕುತ್ತದೆ. ಇತಿಹಾಸದ ಗ್ರಂಥಗಳಲ್ಲಿ ಹೆಸರುವಾಸಿಯಾದ ಊರೇನೂ ಇದಲ್ಲ. ಆದರೆ ನಾಣ್ಯಗಳ ವಿಷಯದಲ್ಲಿ ಈಗಿನ ಜನರ ಮನಸ್ಸು ಯಾವ ರೀತಿ ನಡೆಯುತ್ತದೆಂಬುದನ್ನು ತಿಳಿಯಬಯಸುವವರು ಇಲ್ಲಿಂದ ನಂಜನಗೂಡಿನವರೆಗಿನ ಅಂಗಡಿಸಾಲುಗಳಲ್ಲಿ ಒಂದು ಹೊತ್ತು ಕಳೆದರೆ ಸಾಕು. ಹತ್ತು ರೂಪಾಯಿಯ ನಾಣ್ಯವನ್ನು ಕೊಟ್ಟರೆ ಅನೇಕ ಕಡೆಗಳಲ್ಲಿ “ಇದು ನಡೆಯುವುದಿಲ್ಲ” ಎಂದು ಹಿಂದಕ್ಕೆ ಕೊಟ್ಟ ದಿನಗಳನ್ನು ನಾವೆಲ್ಲರೂ ಕಂಡಿದ್ದೇವೆ. ಹೀಗೆ ಹಿಂದಿರುಗಿಸಿದವರ ಗಲ್ಲಾಪೆಟ್ಟಿಗೆಯಲ್ಲಿಯೇ ವೈಷ್ಣೋದೇವಿಯ ಚಿತ್ರವುಳ್ಳ ಐದು ರೂಪಾಯಿಯ ನಾಣ್ಯವೊಂದು ಕಾಗದದಲ್ಲಿ ಸುತ್ತಿಕೊಂಡು ಹತ್ತು ಲಕ್ಷ ರೂಪಾಯಿಗಳ ನಿರೀಕ್ಷೆಯಲ್ಲಿ ಮಲಗಿರುತ್ತದೆ. ಹತ್ತು ರೂಪಾಯಿ ಬಾಳುವುದಕ್ಕೆ ಬೆಲೆಯೇ ಇಲ್ಲವೆಂತಲೂ, ಐದು ರೂಪಾಯಿ ಬಾಳುವುದಕ್ಕೆ ಲಕ್ಷಗಳ ಬೆಲೆಯೆಂತಲೂ ಒಬ್ಬನೇ ಮನುಷ್ಯನು ಒಂದೇ ಕಾಲದಲ್ಲಿ ನಂಬುವುದು ಹೇಗೆ? ಇದನ್ನು ಬರಿಯ ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ವಿಚಾರಿಸಿ ನೋಡಿದರೆ ಇದರ ಹಿಂದೆ ಒಂದು ಇತಿಹಾಸವೇ ಉಂಟು.

ನಮ್ಮ ಭಾಷೆಯಲ್ಲಿ ನಾಣ್ಯಕ್ಕೆ ಸಂಬಂಧಿಸಿದ ಮುಖ್ಯವಾದ ಕ್ರಿಯಾಪದವು “ಸಲ್ಲು” ಎಂಬುದು. ಸಲ್ಲುವ ನಾಣ್ಯ, ಸಲ್ಲದ ನಾಣ್ಯ ಎಂಬ ಮಾತುಗಳೂ, ನಾಣ್ಯವನ್ನು ಅಚ್ಚು ಹಾಕುವ ಕಮ್ಮಟವೆಂಬ ಶಬ್ದವೂ ವಚನಕಾರರ ಕಾಲಕ್ಕೇ ರೂಢಿಯಾಗಿದ್ದುವು. ಸಲ್ಲುವುದೆಂದರೆ ಎದುರಿನವನು ತೆಗೆದುಕೊಳ್ಳುವುದು. ಆದರೆ ಯಾವ ಆಧಾರದ ಮೇಲೆ ತೆಗೆದುಕೊಳ್ಳುತ್ತಾನೆ? ಲೋಹದ ಬೆಲೆಯೊಂದು, ಸರ್ಕಾರದ ಆಜ್ಞೆಯಿಂದ ಬರುವ ಮುಖಬೆಲೆಯೊಂದು, ಕೂಡಿಡುವ ಹವ್ಯಾಸಿಗಳು ಕೊಡುವ ಬೆಲೆ ಮತ್ತೊಂದು. ಈ ಮೂರಕ್ಕೂ ಪರಸ್ಪರ ಸಂಬಂಧವಿರಲೇಬೇಕೆಂಬ ನಿಯಮವಿಲ್ಲ. ಈಗ ಕಾಣುವ ಗೊಂದಲವೆಲ್ಲವೂ ಈ ಮೂರನ್ನು ಒಂದರಲ್ಲೊಂದು ಬೆರಸುವುದರಿಂದ ಹುಟ್ಟಿದುದು.

ನಮ್ಮ ಸೀಮೆಯ ಹಿರಿಯರಿಗೆ ಈ ಗೊಂದಲವಿರಲಿಲ್ಲ. ಏಕೆಂದರೆ ಅವರ ಕಾಲದಲ್ಲಿ ಮೊದಲನೆಯ ಎರಡು ಬೆಲೆಗಳು ಬಹುಮಟ್ಟಿಗೆ ಒಂದೇ ಆಗಿದ್ದುವು. 1638ರಿಂದ 1659ರ ವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯ ಹಣವು ಕಡಲೆಬೇಳೆಗಿಂತ ಚಿಕ್ಕದಾದ ಚಿನ್ನದ ತುಣುಕು. ಅದರ ಮೇಲೆ ನರಸಿಂಹನ ಮೂರ್ತಿ. ಇಂತಹ ಹತ್ತು ಹಣಕ್ಕೆ ಒಂದು ಕಂಠೀರಾಯ ವರಹವೆಂದು ಲೆಕ್ಕ ಬರೆಯುತ್ತಿದ್ದರು. ಆ ವರಹವು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದಿತೇ ಹೊರತು ಕೈಗೆ ಸಿಕ್ಕುವ ನಾಣ್ಯವಾಗಿರಲಿಲ್ಲ. ಕೈಗೆ ಸಿಕ್ಕುತ್ತಿದ್ದ ವರಹಗಳೇ ಬೇರೆ. ಇಕ್ಕೇರಿಯ ನಾಯಕರು ಶಿವಪಾರ್ವತಿಯರ ಮೂರ್ತಿಯನ್ನು ತಮ್ಮ ವರಹದ ಮೇಲೆ ಅಚ್ಚು ಹಾಕಿಸಿದ್ದರು. 1763ರಲ್ಲಿ ಬಿದನೂರನ್ನು ಹಿಡಿದ ಹೈದರಾಲಿಯು ಆ ದೇವತೆಗಳನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಸೇರಿಸಿದನು. ಜನರು ನಂಬಿದ್ದ ನಾಣ್ಯದ ಮುಖವನ್ನು ಬದಲಾಯಿಸಿದರೆ ಅದು ಸಲ್ಲುವುದು ಕಷ್ಟವೆಂಬುದನ್ನು ಅವನು ಬಲ್ಲವನಾಗಿದ್ದನು. ಟಿಪ್ಪುಸುಲ್ತಾನನು ದೇವತೆಗಳನ್ನು ಬಿಟ್ಟು, ತಾಮ್ರದ ನಾಣ್ಯದ ಮೇಲೆ ಆನೆಯನ್ನು ನಿಲ್ಲಿಸಿ, ಮೌಲೂದಿ ಎಂಬ ತನ್ನದೇ ಶಕದ ವರ್ಷಗಳನ್ನು ಬಲದಿಂದ ಎಡಕ್ಕೆ ಓದುವ ಅಂಕೆಗಳಲ್ಲಿ ಬರೆಯಿಸಿದನು. 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮತ್ತೆ ಬಂದು ಕುಳಿತರು. 1833ರಲ್ಲಿ ಟಂಕಸಾಲೆಯು ಮೈಸೂರಿನಿಂದ ಬೆಂಗಳೂರಿಗೆ ಸಾಗಿತು, 1843ರಲ್ಲಿ ಮುಚ್ಚಿಹೋಯಿತು. ಅಲ್ಲಿಗೆ ಮೈಸೂರಿನ ಸ್ವಂತ ನಾಣ್ಯದ ಕಥೆ ಮುಗಿಯಿತು.

ಇಷ್ಟೊಂದು ಬಗೆಯ ನಾಣ್ಯಗಳು ಒಂದೇ ಸಂತೆಯಲ್ಲಿ ಓಡಾಡುತ್ತಿದ್ದಾಗ ಬೆಲೆಯನ್ನು ಹೇಳುವವನು ಒಬ್ಬನು ಬೇಕಾಗಿದ್ದಿತು. ಅವನೇ ಚಿನಿವಾರ, ಉತ್ತರದ ಮಾತಿನಲ್ಲಿ ಸರಾಫ. ಒರೆಗಲ್ಲು, ಚಿಕ್ಕ ತಕ್ಕಡಿ, ಗುಂಜಿಗಳು—ಇವು ಅವನ ಸಾಧನಗಳು. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಚಲಾವಣೆಯಲ್ಲಿದ್ದ ನಾಣ್ಯಗಳನ್ನೂ ಅವುಗಳ ಪರಸ್ಪರ ದರಗಳನ್ನೂ ಬರೆದಿಟ್ಟಿರುವುದನ್ನು ಓದಿದರೆ ಚಿನಿವಾರನಿಲ್ಲದೆ ವ್ಯಾಪಾರವೇ ಸಾಧ್ಯವಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಚಿನಿವಾರನು ಮೋಸ ಮಾಡುತ್ತಿರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅವನ ಮೋಸಕ್ಕೆ ಒಂದು ಮಿತಿಯಿದ್ದಿತು. ಒಂದು ಗುಂಜಿ ಕಡಮೆ ತೂಗಬಹುದಾಗಿದ್ದಿತೇ ಹೊರತು ತಾಮ್ರವನ್ನು ಚಿನ್ನವೆನ್ನುವಂತಿರಲಿಲ್ಲ.

ಆ ಚಿನಿವಾರನನ್ನು ಅನಾವಶ್ಯಕನನ್ನಾಗಿ ಮಾಡಿದುದು ರೂಪಾಯಿ. 1835ರಲ್ಲಿ ಕಂಪೆನಿಯ ಸರ್ಕಾರವು ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಏಕರೂಪದ ರೂಪಾಯಿಯನ್ನು ತಂದಿತು. ತೂಕ ಒಂದು ತೊಲ, ಅಂದರೆ 11.66 ಗ್ರಾಂ; ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 10.69 ಗ್ರಾಂ. ಹಳ್ಳಿಯಲ್ಲಿ ಬೆಳ್ಳಿಯನ್ನು ತೂಗಬೇಕಾದರೆ ತಟ್ಟೆಗೆ ರೂಪಾಯಿಯನ್ನೇ ಹಾಕುತ್ತಿದ್ದ ಕಾಲವೊಂದಿದ್ದಿತು. 1940ರಲ್ಲಿ, ಯುದ್ಧದ ಒತ್ತಡದಲ್ಲಿ, ಬೆಳ್ಳಿಯ ಭಾಗವನ್ನು ಅರ್ಧಕ್ಕೆ ಇಳಿಸಲಾಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಗಣರಾಜ್ಯದ ಮೊದಲ ನಾಣ್ಯಗಳು 1950ರ ಆಗಸ್ಟ್ 15ರಂದು ಹೊರಟುವು. 1957ರ ಏಪ್ರಿಲ್ 1ರಿಂದ ಆಣೆ ಪೈಗಳು ಹೋಗಿ ನಯಾಪೈಸೆಗಳು ಬಂದುವು. ಅಂದಿನಿಂದ ನಾವು ವ್ಯವಹಾರದಲ್ಲಿ ಮುಟ್ಟುವ ನಾಣ್ಯವು ಲೋಹದ ಮೇಲೆ ಬರೆದ ಹುಂಡಿಯಂತೆ: ಅದರ ಬೆಲೆ ಸರ್ಕಾರದ ಮಾತಿನಲ್ಲಿದೆ, ಲೋಹದಲ್ಲಿಲ್ಲ. ತೂಗುವ ಅಗತ್ಯವೇ ಹೋಯಿತು, ತೂಗುವವನೂ ಹೋದನು. ಆದರೆ ನಾಣ್ಯವನ್ನು ತಿರುಗಿಸಿ, ದೇವರಿದ್ದಾನೆಯೇ, ಬಣ್ಣ ಹೇಗಿದೆ, ಹಳೆಯದೇ ಎಂದು ನೋಡುವ ಕಣ್ಣಿನ ಅಭ್ಯಾಸ ಮಾತ್ರ ಹೋಗಲಿಲ್ಲ. ಚಿನಿವಾರನ ಕಟ್ಟೆ ಬರಿದಾದಾಗ ಅದರ ಮೇಲೆ ವದಂತಿಯು ಬಂದು ಕುಳಿತಿತೆಂದು ನನ್ನ ಅಭಿಪ್ರಾಯ.

ಇನ್ನು ಒಂದೊಂದೇ ನಂಬಿಕೆಯನ್ನು ಒರೆಗೆ ಹಚ್ಚಿ ನೋಡೋಣ.

ಹಳೆಯದಾದಷ್ಟೂ ಬೆಲೆ ಹೆಚ್ಚೆಂಬುದು ಎಲ್ಲಕ್ಕೂ ವ್ಯಾಪಕವಾದ ನಂಬಿಕೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಹಲವು ಮನೆಗಳಲ್ಲಿದೆ. ಒಂದೂವರೆ ಶತಮಾನಕ್ಕೆ ಮೇಲ್ಪಟ್ಟುದಾದುದರಿಂದ ಮಹಾ ಅಪರೂಪದ್ದಿರಬೇಕೆಂದು ಯಜಮಾನರು ತಿಳಿದಿರುತ್ತಾರೆ. ವಾಸ್ತವದಲ್ಲಿ ಟಂಕಸಾಲೆಗಳು ಆ ಇಸವಿಯನ್ನು ಬದಲಾಯಿಸದೆ 1874ರ ವರೆಗೂ ಅದೇ ಅಂಕೆಯಿಂದ ಅಚ್ಚು ಹಾಕುತ್ತಿದ್ದುವು. ಹನ್ನೆರಡು ವರ್ಷಗಳ ರಾಶಿಯೆಲ್ಲವೂ ಒಂದೇ ಇಸವಿಯ ಹೆಸರಿನಲ್ಲಿದೆ. ಆದಕಾರಣ ಸಾಧಾರಣ ಸ್ಥಿತಿಯ ಅಂತಹ ರೂಪಾಯಿಗೆ ಬೆಳ್ಳಿಯ ಧಾರಣೆಗಿಂತ ಅಷ್ಟೇನೂ ಹೆಚ್ಚಿನ ಬೆಲೆಯಿಲ್ಲ. ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದರಂತೂ ಹವ್ಯಾಸಿಯು ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಅದು ಅಕ್ಕಸಾಲೆಯ ತಕ್ಕಡಿಗೇ ಸರಿ. ಅಜ್ಜಿಯ ಕೊರಳಿನ ನೆನಪಾಗಿ ಅದಕ್ಕೆ ಬೇರೊಂದು ಬೆಲೆಯುಂಟೆಂಬುದು ನಿಜ, ಅದನ್ನು ಯಾವ ಪೇಟೆಯೂ ಕಟ್ಟಲಾರದು.

ಎರಡನೆಯದು ದೇವತೆಯ ಚಿತ್ರ. ಶ್ರೀ ಮಾತಾ ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬದ ಜ್ಞಾಪಕಾರ್ಥವಾಗಿ 2012ರಲ್ಲಿ ಸರ್ಕಾರವು ಐದು ರೂಪಾಯಿಯ ಮತ್ತು ಹತ್ತು ರೂಪಾಯಿಯ ನಾಣ್ಯಗಳನ್ನು ಹೊರಡಿಸಿತು. ಇವು ಚಲಾವಣೆಗೆಂದೇ ಹಾಕಿದ ನಾಣ್ಯಗಳು. ಬ್ಯಾಂಕುಗಳ ಮೂಲಕ ಊರೂರಿಗೆ ಬಂದುವು. ನಾಣ್ಯದ ವ್ಯಾಪಾರಿಯ ಬಳಿಗೆ ಕೊಂಡುಹೋದರೆ ಮುಖಬೆಲೆಯ ಮೇಲೆ ಕೆಲವು ರೂಪಾಯಿ ದೊರಕಬಹುದು. ಹತ್ತು ಲಕ್ಷವೆಂಬ ಮಾತು ಎಲ್ಲಿಂದ ಹುಟ್ಟಿತೋ, ಯಾರೂ ಆ ಹತ್ತು ಲಕ್ಷವನ್ನು ಎಣಿಸಿಕೊಂಡುದನ್ನು ನಾನು ಕೇಳಿಲ್ಲ. ಆದರೆ ಈ ನಂಬಿಕೆ ಹುಟ್ಟಿದ ನೆಲ ಮಾತ್ರ ಪುರಾತನವಾದುದು. ನರಸಿಂಹನಿದ್ದ ಹಣವೂ, ಶಿವಪಾರ್ವತಿಯರಿದ್ದ ವರಹವೂ ಚಿನ್ನವೇ ಆಗಿದ್ದುವಷ್ಟೆ. ದೇವರ ಮೂರ್ತಿ ಕಂಡಲ್ಲಿ ಚಿನ್ನವಿದೆಯೆಂದು ನಮ್ಮ ಹಿರಿಯರು ತಿಳಿದುದು ಅನುಭವದಿಂದ. ಅದೇ ತಿಳಿವಳಿಕೆಯನ್ನು ಹಿತ್ತಾಳೆಯ ಬಣ್ಣದ ಐದು ರೂಪಾಯಿಗೆ ಅನ್ವಯಿಸುವುದು ತಪ್ಪು. 1968ರಿಂದ ಕೆಲವು ವರ್ಷ ಹೊರಟ, ಕಮಲದ ಗುರುತುಳ್ಳ ಹಳದಿಯ ಇಪ್ಪತ್ತು ಪೈಸೆಯ ಮೇಲೂ ಚಿನ್ನ ಬೆರೆತಿದೆಯೆಂಬ ಮಾತು ಹಬ್ಬಿದ್ದಿತು. ಅದರಲ್ಲಿದ್ದುದು ತಾಮ್ರಪ್ರಧಾನವಾದ ಮಿಶ್ರಲೋಹ. ಲಕ್ಷ್ಮೀಪೂಜೆಗೆ ನೂರೆಂಟು ಕಮಲದ ನಾಣ್ಯಗಳನ್ನು ಕೂಡಿಸಿಟ್ಟುಕೊಂಡ ಗೃಹಿಣಿಯರು ಅವುಗಳಿಂದ ತಕ್ಕ ಪ್ರಯೋಜನವನ್ನೇ ಪಡೆದಿದ್ದಾರೆ.

ಮೂರನೆಯದರ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಇದರಿಂದ ಮನೆಗಳೇ ಹಾಳಾಗಿವೆ. ಒಂದು ಬದಿಯಲ್ಲಿ ಶ್ರೀರಾಮಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೆಸರು, 1616, 1717, 1818 ಅಥವಾ 1839 ಎಂಬ ಇಸವಿ, ಅರ್ಧ ಆಣೆ ಎಂಬ ಬೆಲೆ, ಯು-ಕೆ-ಎಲ್ ಎಂಬ ಮೂರು ಅಕ್ಷರಗಳು—ಇಂತಹ ತಾಮ್ರದ ಬಿಲ್ಲೆಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಇವುಗಳಲ್ಲಿ ಒಂದನ್ನೂ ಕಂಪೆನಿಯು ಹಾಕಿಸಿದುದಲ್ಲ. ಮದರಾಸಿನಲ್ಲಿ ಕಂಪೆನಿಗೆ ನೆಲೆ ಸಿಕ್ಕಿದುದೇ 1639ರಲ್ಲಿ. 1616ರಲ್ಲಿ ಈ ದೇಶದಲ್ಲಿ ಅದಕ್ಕೆ ಟಂಕಸಾಲೆಯೇ ಇರಲಿಲ್ಲ. ಏಕರೂಪದ ಅರ್ಧ ಆಣೆ ಹುಟ್ಟಿದುದು 1835ರ ಸುಧಾರಣೆಯಲ್ಲಿ. ಅದರ ಮೇಲಿರುವುದು ಕಂಪೆನಿಯ ಲಾಂಛನ, ದೇವತೆಯಲ್ಲ. ಕಂಪೆನಿಯು ಹಿಂದೂ ದೇವತೆಗಳನ್ನು ನಾಣ್ಯದ ಮೇಲೆ ಎಂದೂ ಹಾಕಲಿಲ್ಲವೆಂದು ಇದರಿಂದ ತಿಳಿಯಬಾರದು. ಮದರಾಸಿನ ನಕ್ಷತ್ರ ವರಹದ ಮೇಲೆ ವಿಷ್ಣುವಿದ್ದನು. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪೆನಿಗೆ ವರ್ಷಂಪ್ರತಿ ಸಲ್ಲಿಸಬೇಕಾಗಿದ್ದ ಏಳು ಲಕ್ಷದ ಪೊಗದಿಯನ್ನು ಲೆಕ್ಕ ಹಾಕಿದುದು ಆ ನಕ್ಷತ್ರ ವರಹದಲ್ಲಿಯೇ. ಆದರೆ ಅದು ಚಿನ್ನ. ಅದರ ರೂಪವೇ ಬೇರೆ. ಈ ತಾಮ್ರದ ಬಿಲ್ಲೆಗಳ ಪೂರ್ವಜರನ್ನು ಹುಡುಕಬೇಕಾದರೆ ರಾಮಟಂಕೆಗಳ ಕಡೆಗೆ ನೋಡಬೇಕು. ಅವು ದೇವರ ಮನೆಯಲ್ಲಿಟ್ಟು ಪೂಜಿಸಲೆಂದು ಮಾಡಿದ ಮುದ್ರಿಕೆಗಳು. ಹಣವಾಗಿ ಚಲಾವಣೆಗೆ ಬಂದುವಲ್ಲ.

ಈ ಬಿಲ್ಲೆಗಳಿಗೆ ಅಕ್ಕಿಯ ಕಾಳನ್ನು ತನ್ನೆಡೆಗೆ ಎಳೆಯುವ ಶಕ್ತಿಯಿದೆ, ಅವುಗಳಲ್ಲಿ ಇರಿಡಿಯಂ ಎಂಬ ಧಾತು ಸೇರಿದೆ, ಹೊರದೇಶದ ಆಕಾಶಯಾನ ಸಂಸ್ಥೆಗಳು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತವೆ ಎಂದು ನಂಬಿಸುವ ತಂಡಗಳು ಕರ್ನಾಟಕದಲ್ಲಿಯೂ ಸಿಕ್ಕಿಬಿದ್ದಿವೆ. “ರೈಸ್ ಪುಲ್ಲಿಂಗ್” ಎಂಬ ಹೆಸರು ನಮ್ಮ ಹಳ್ಳಿಗಳ ತನಕ ಬಂದಿದೆ. ತಾಮ್ರವು ಅಯಸ್ಕಾಂತಕ್ಕೆ ಒಲಿಯುವ ಲೋಹವಲ್ಲ. ಅಕ್ಕಿಯಂತೂ ಅಲ್ಲವೇ ಅಲ್ಲ. ಕಾಳಿಗೆ ಕಬ್ಬಿಣದ ಪುಡಿಯನ್ನು ಸವರಿ ಬಿಲ್ಲೆಯ ಹಿಂದೆ ಅಯಸ್ಕಾಂತವನ್ನು ಅಡಗಿಸಿದರೆ ಆಟ ಪೂರ್ತಿಯಾಗುತ್ತದೆ. ಆಮೇಲೆ “ಪರೀಕ್ಷೆಯ ಖರ್ಚು” ಎಂದು, “ವಿಕಿರಣ ತಡೆಯುವ ಉಡುಪಿನ ಬಾಡಿಗೆ” ಎಂದು ಹಣ ಕೀಳುತ್ತಾರೆ. 2018ರಲ್ಲಿ ದೆಹಲಿಯ ಪೊಲೀಸರು ಹಿಡಿದ ತಂದೆಮಕ್ಕಳಿಬ್ಬರು ಒಬ್ಬ ವರ್ತಕನಿಂದ ಹೀಗೆ ಒಂದು ಕೋಟಿ ನಲವತ್ತು ಲಕ್ಷಕ್ಕೂ ಮೇಲ್ಪಟ್ಟು ಹಣವನ್ನು ಸೆಳೆದಿದ್ದರು. ವರ್ತಕನೇ ಸಿಕ್ಕಿಬಿದ್ದ ಮೇಲೆ ಒಂದೆರಡು ಎಕರೆಯ ರೈತನ ಪಾಡನ್ನು ಹೇಳಬೇಕಾದುದಿಲ್ಲ.

ಉಳಿದುವನ್ನು ಬೇಗ ಮುಗಿಸಬಹುದು. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದು, ವಜ್ರಾಕೃತಿಯಿದ್ದರೆ ಮುಂಬಯಿ, ದುಂಡನೆಯ ಚುಕ್ಕೆಯಿದ್ದರೆ ನೋಯಿಡಾ, ಏನೂ ಇಲ್ಲದಿದ್ದರೆ ಕಲ್ಕತ್ತೆ. ಇವು ಟಂಕಸಾಲೆಯ ವಿಳಾಸಗಳೇ ಹೊರತು ಭಾಗ್ಯದ ಚಿಹ್ನೆಗಳಲ್ಲ. 1985ರ ಒಂದು ರೂಪಾಯಿಯಲ್ಲಿ ಕಾಣುವ ‘ಎಚ್’ ಅಕ್ಷರವೂ ಹಾಗೆಯೇ: ಆ ವರ್ಷ ನಮ್ಮ ಟಂಕಸಾಲೆಗಳ ಶಕ್ತಿ ಸಾಲದೆ ಹೊರದೇಶಗಳಲ್ಲಿ ನಾಣ್ಯ ಹಾಕಿಸಿದಾಗ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಇಟ್ಟ ಗುರುತು ಅದು. ಘೇಂಡಾಮೃಗದ ಇಪ್ಪತ್ತೈದು ಪೈಸೆಯು 1988ರಿಂದ 2002ರ ವರೆಗೆ ಹೊರಟ ಉಕ್ಕಿನ ನಾಣ್ಯ. 2011ರ ಜೂನ್ 30ರಿಂದ ಅದು ಸಲ್ಲುವುದನ್ನೇ ನಿಲ್ಲಿಸಿತು. ನೋಟಿನ ಮೇಲಿನ 786 ಎಂಬ ಸಂಖ್ಯೆಯನ್ನು ಪವಿತ್ರವೆಂದು ಇಟ್ಟುಕೊಳ್ಳುವವರ ಶ್ರದ್ಧೆಗೆ ನನ್ನ ಆಕ್ಷೇಪಣೆಯಿಲ್ಲ. ಅಪರೂಪವೆನ್ನುವವರು ಮಾತ್ರ ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಆರು ಅಂಕೆಗಳ ಸಂಖ್ಯೆಗಳಲ್ಲಿ 786 ಎಂದು ಕೊನೆಗೊಳ್ಳುವುವು ಒಂದು ಸಾವಿರ. ಎಲ್ಲಿಯಾದರೂ 786 ಬರುವುವು 3,999. ಇದು ಮುಂದಿನ ಅಕ್ಷರಗಳ ಪ್ರತಿಯೊಂದು ಜೋಡಣೆಗೂ ಬೇರೆ ಬೇರೆಯಾಗಿ ಸಲ್ಲುವ ಲೆಕ್ಕ. ನಮ್ಮ ಮೈಸೂರಿನಲ್ಲಿಯೇ 1996ರಿಂದ ನೋಟು ಅಚ್ಚಾಗುತ್ತಿದೆ. ಆ ಯಂತ್ರಗಳು 786ಕ್ಕೆ ಬಂದಾಗ ನಿಲ್ಲುವುದಿಲ್ಲ.

ಹಾಗಾದರೆ ನಿಜವಾಗಿಯೂ ಅಪರೂಪವಾದ ಇತ್ತೀಚಿನ ನಾಣ್ಯವೆಂಬುದು ಇಲ್ಲವೇ? ಉಂಟು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಹೊಸ ರೂಪಾಯಿ ಹೊರಟಾಗ, ಅವನ ನಿಲುವಂಗಿಯ ಮೇಲಿನ ಪದಕದ ಆನೆಗೆ ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಾಣುತ್ತದೆಂದು ಕೂಗೆದ್ದಿತು. ಸುಮಾರು 94 ಲಕ್ಷ ನಾಣ್ಯಗಳು ಸಿದ್ಧವಾಗಿದ್ದುವು, ಏಳು ಲಕ್ಷ ಮಾತ್ರ ಹೊರಬಿದ್ದುವು, ಮಿಕ್ಕುವನ್ನು ಕರಗಿಸಿಬಿಟ್ಟರು. ಮರುವರ್ಷ ಆನೆಗೆ ತಕ್ಕ ಸೊಂಡಿಲು ಬಂದಿತು. ಈ “ಹಂದಿ ರೂಪಾಯಿ”ಯನ್ನು ಹವ್ಯಾಸಿಗಳು ಆದರದಿಂದ ಕೊಳ್ಳುತ್ತಾರೆ. ಆದರೂ ಏಳು ಲಕ್ಷವೆಂಬುದು ಸಣ್ಣ ಸಂಖ್ಯೆಯಲ್ಲವಾದುದರಿಂದ ಅದರ ಬೆಲೆ ಸಾವಿರಗಳಲ್ಲಿದೆಯೇ ಹೊರತು ಲಕ್ಷಗಳಲ್ಲಿಲ್ಲ. ಅದಕ್ಕಿಂತ ಬಹಳ ವಿರಳವಾದುದು ಆರನೆಯ ಜಾರ್ಜಿನ 1939ರ ಮುಂಬಯಿ ರೂಪಾಯಿ. ಇದರ ಬೆಲೆ ತಿಳಿದವರು 1938ರ ನಾಣ್ಯದ ಕೊನೆಯ ಅಂಕೆಯನ್ನು ಕೆತ್ತಿ ಒಂಬತ್ತು ಮಾಡಿ ಮಾರುವುದುಂಟು. ಕಳ್ಳನಿಗೆ ನಿಜವಾದ ಅಪರೂಪವು ಯಾವುದೆಂಬುದು ಚೆನ್ನಾಗಿ ಗೊತ್ತಿರುತ್ತದೆ: ವೈಷ್ಣೋದೇವಿಯ ನಾಣ್ಯವನ್ನು ಯಾರೂ ಖೋಟಾ ಮಾಡಿದ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಲೋಹದ ಬೆಲೆಯು ಮುಖಬೆಲೆಯನ್ನು ಮೀರಿದ ಪ್ರಸಂಗವೂ ಇತ್ತೀಚೆಗೆ ಒಂದುಂಟು. 1992ರಿಂದ ಹೊರಟ, ಒಂಬತ್ತು ಗ್ರಾಂ ತೂಕದ, ತಾಮ್ರ ನಿಕ್ಕಲುಗಳ ದಪ್ಪನೆಯ ಐದು ರೂಪಾಯಿಯನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ ಕ್ಷೌರದ ಬ್ಲೇಡು ಮಾಡುತ್ತಾರೆಂದು ಪತ್ರಿಕೆಗಳಲ್ಲಿ ವರದಿಯಾಗಿದ್ದಿತು. 2007ರಲ್ಲಿ ಸರ್ಕಾರವು ಹಗುರವಾದ ಉಕ್ಕಿನ ಐದು ರೂಪಾಯಿಯನ್ನು ತಂದಿತು. ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯಿದೆಯಂತೆ ಶಿಕ್ಷಾರ್ಹವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಎಷ್ಟು ಅಚ್ಚಾದುವು, ಎಷ್ಟು ಉಳಿದಿವೆ, ಎಷ್ಟು ಜನ ಬೇಕೆನ್ನುತ್ತಾರೆ—ಅಪರೂಪವೆಂದರೆ ಇಷ್ಟೆ. ಅದರ ಮೇಲೆ ಸ್ಥಿತಿಯ ಪ್ರಶ್ನೆ ಬರುತ್ತದೆ. ಸವೆಯದೆ, ಗೀರಿಲ್ಲದೆ, ಹುಟ್ಟಿದ ಮೈಬಣ್ಣದಲ್ಲಿರುವ ನಾಣ್ಯಕ್ಕೆ ಇರುವ ಮರ್ಯಾದೆ ಉಜ್ಜಿ ಹೊಳಪಿಸಿದುದಕ್ಕೆ ಇಲ್ಲ. ನಮ್ಮ ಮನೆಗಳಲ್ಲಿ ತಾಮ್ರ ಕಂಡೊಡನೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ರೂಢಿ. ನಂಜನಗೂಡಿನ ಹಲ್ಲುಪುಡಿಯನ್ನು ಹಾಕಿ ತಿಕ್ಕುವವರೂ ಇದ್ದಾರೆ. ಅದು ಹಲ್ಲಿಗೆ ಒಳ್ಳೆಯದು, ನಾಣ್ಯಕ್ಕಲ್ಲ.

ಈ ಮರುಳು ನಮ್ಮವರಿಗೆ ಮಾತ್ರ ಹಿಡಿದುದೆಂದು ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ 1913ನೆಯ ಇಸವಿಯುಳ್ಳ, ಸ್ವಾತಂತ್ರ್ಯದೇವಿಯ ತಲೆಯ ಐದು ಸೆಂಟಿನ ನಾಣ್ಯಗಳು ಐದೇ ಐದು ಇವೆ. ಟೆಕ್ಸಾಸ್ ಪ್ರಾಂತದ ಮ್ಯಾಕ್ಸ್ ಮೆಹ್ಲ್ ಎಂಬ ನಾಣ್ಯವ್ಯಾಪಾರಿಯು ಆ ನಾಣ್ಯವನ್ನು ತಂದುಕೊಟ್ಟವರಿಗೆ 50 ಡಾಲರುಗಳೆಂದು ವರ್ಷಗಟ್ಟಲೆ ಜಾಹೀರಾತು ಹಾಕಿದನು. ದೇಶಕ್ಕೆ ದೇಶವೇ ಜೇಬನ್ನು ತಡಕಿತು. ಐದೂ ನಾಣ್ಯಗಳು ಆಗಲೇ ಸಂಗ್ರಾಹಕರ ಪೆಟ್ಟಿಗೆಯಲ್ಲಿದ್ದುದರಿಂದ ಯಾರಿಗೂ ಸಿಕ್ಕಲಿಲ್ಲ. ಆದರೆ ಮೆಹ್ಲನ ಬೆಲೆಪಟ್ಟಿಯ ಪುಸ್ತಕವು ಭರದಿಂದ ಮಾರಿತು. ಆ ಐದರಲ್ಲಿ ಒಂದು 2018ರಲ್ಲಿ 45 ಲಕ್ಷ ಡಾಲರುಗಳಿಗೂ ಮೇಲೆ ಬೆಲೆ ತಂದಿತು. ಮೆಹ್ಲನು ಹೇಳಿದುದು ಸುಳ್ಳಲ್ಲ, ನಾಣ್ಯ ಅಪರೂಪವೇ; ಕೊಳ್ಳುತ್ತೇನೆಂಬ ಮಾತಿನಿಂದ ಮಾರುವ ವ್ಯಾಪಾರವನ್ನು ನಡೆಸಿದ ಅವನ ಜಾಣತನವನ್ನು ಗಮನಿಸಬೇಕು.

ನಮ್ಮ ಕಾಲದ ವಂಚಕನು ಪುಸ್ತಕವನ್ನೂ ಕೊಡುವುದಿಲ್ಲ. ನಿಮ್ಮ ನಾಣ್ಯವನ್ನು ಲಕ್ಷಗಳಿಗೆ ಕೊಳ್ಳುತ್ತೇವೆ, ಮೊದಲು ನೋಂದಣಿಯ ಶುಲ್ಕ ಕಳುಹಿಸಿ, ಆಮೇಲೆ ತೆರಿಗೆ, ಆಮೇಲೆ ದಲ್ಲಾಳಿ. ಕೆಲವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಮುದ್ರೆಯನ್ನೂ ಬಳಸಿದುದರಿಂದ, ಆ ಬ್ಯಾಂಕು 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿ, ತಾನು ಇಂತಹ ವ್ಯವಹಾರವನ್ನು ನಡೆಸುವುದಿಲ್ಲವೆಂತಲೂ, ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂತಲೂ, ಶುಲ್ಕ ಕೇಳುವುದಿಲ್ಲವೆಂತಲೂ ಸ್ಪಷ್ಟಪಡಿಸಬೇಕಾಯಿತು. ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿಗೆ ಗೊತ್ತಿರುವ ಈ ನ್ಯಾಯವು ಲಕ್ಷದ ಮಾತು ಬಂದೊಡನೆ ಮರೆತುಹೋಗುತ್ತದೆ.

ತಾಂಡವಪುರದ ಕಡೆಯ ವೃದ್ಧ ವರ್ತಕರೊಬ್ಬರು ತಮ್ಮ ಡಬ್ಬಿಯನ್ನು ನನ್ನ ಮುಂದೆ ಸುರಿದಿದ್ದರು. ಘೇಂಡಾಮೃಗದ ನಾಲ್ಕಾಣೆಗಳು ಇಪ್ಪತ್ತರಷ್ಟು, ವೈಷ್ಣೋದೇವಿಯವು ಎರಡು, 786ರ ನೋಟೊಂದು. ತಳದಲ್ಲಿ ಕಪ್ಪಾದ ಮೂರು ತಾಮ್ರದ ಬಿಲ್ಲೆಗಳಿದ್ದುವು. ಅವೇನೆಂದು ಕೇಳಿದೆ. “ಅವು ಬಿಡಿ ಸ್ವಾಮಿ, ನಮ್ಮಪ್ಪನವರ ಕಾಲದಲ್ಲಿ ತಕ್ಕಡಿ ತಟ್ಟೆ ಸಮ ಮಾಡೋಕೆ ಹಾಕ್ತಿದ್ದರು” ಎಂದರು. ಬೆಳಕಿಗೆ ಹಿಡಿದರೆ ಒಂದರ ಮೇಲೆ ಆನೆ, ಅದರ ಮೇಲೆ ಸೂರ್ಯಚಂದ್ರರು. ಹಿಂಬದಿಯಲ್ಲಿ ಕನ್ನಡದಲ್ಲಿಯೂ ಇಂಗ್ಲೀಷಿನಲ್ಲಿಯೂ ಕಾಸಿನ ಬೆಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯನ್ನು ವಿಸ್ತರಿಸಿದ ಅದೇ ಅರಸರ ನಾಣ್ಯ. ಆ ಕಾಲದಲ್ಲಿ ಜಾತ್ರೆಗೆ ಬಂದವರ ಸೊಂಟದ ಚೀಲದಲ್ಲಿ ಇದ್ದಿರಬಹುದಾದುದು. ಮತ್ತೊಂದರ ಮೇಲೆ ಶಾರ್ದೂಲದ ಬೆನ್ನು ಮಾತ್ರ ಉಳಿದಿತ್ತು. ಮೂರನೆಯದು ಸವೆದು ನುಣುಪಾಗಿದ್ದಿತು. ಇವೂ ಲಕ್ಷ ತರುವುವಲ್ಲ. ಅಚ್ಚು ಚೆನ್ನಾಗಿದ್ದರೆ ಕೆಲವು ನೂರು ರೂಪಾಯಿ. ಅಷ್ಟನ್ನು ಕೇಳಿ ಅವರಿಗೆ ನಿರಾಶೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಕಾಸಿನ ಮೇಲಿನ ಕನ್ನಡ ಅಕ್ಷರವನ್ನು ಅವರ ಮೊಮ್ಮಗಳು ಒಂದೊಂದಾಗಿ ಕೂಡಿಸಿ ಓದಿದಳು; ಆ ಹುಡುಗಿಗೆ ಇನ್ನೂರು ವರ್ಷಗಳ ಹಿಂದಿನ ಅಕ್ಷರ ಓದಲು ಬಂದುದೇ ಆಶ್ಚರ್ಯವಾಗಿದ್ದಿತು. ಇಂತಹವನ್ನು ಎಷ್ಟೋ ಜನ ಪಾತ್ರೆಯಂಗಡಿಗೆ ತೂಕಕ್ಕೆ ಹಾಕಿದ್ದಾರೆ, ಘೇಂಡಾಮೃಗವನ್ನು ಜೋಪಾನವಾಗಿಟ್ಟುಕೊಂಡು.

ಇನ್ನು ಉಳಿದುದು ಹತ್ತು ರೂಪಾಯಿಯ ನಾಣ್ಯ. ಇದರ ವಿರುದ್ಧದ ವದಂತಿಗೆ ಒಂದು ಕಿಡಿಯಿದ್ದುದು ನಿಜ: 2016ರಲ್ಲಿ ದೆಹಲಿಯಲ್ಲಿ ಖೋಟಾ ನಾಣ್ಯ ಮಾಡುತ್ತಿದ್ದ ಕಾರ್ಖಾನೆಯೊಂದು ಪೊಲೀಸರ ಕೈಗೆ ಸಿಕ್ಕಿತು. ಅದೇ ವರ್ಷದ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾಗಿ ಜನರ ನಂಬಿಕೆ ಮೊದಲೇ ಅಲುಗಿದ್ದಿತು. ಹತ್ತು ಗೀಟುಗಳಿರುವುದು ಒಳ್ಳೆಯದು, ಹದಿನೈದು ಗೀಟುಗಳಿರುವುದು ಖೋಟಾ. ರೂಪಾಯಿಯ ಚಿಹ್ನೆಯಿಲ್ಲದ್ದು ಖೋಟಾ—ಎಂದು ಹೊಸ ಚಿನಿವಾರರು ಹೊರಟರು. ರೂಪಾಯಿಯ ಚಿಹ್ನೆಯನ್ನು ಅಂಗೀಕರಿಸಿದುದೇ 2010ರ ಜುಲೈ 15ರಂದು; ಅದಕ್ಕೆ ಮೊದಲು ಹೊರಟ ನಾಣ್ಯದಲ್ಲಿ ಅದು ಇರುವುದು ಹೇಗೆ? ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು, ಅಲ್ಲಿಯವರೆಗೆ ಹೊರಡಿಸಿದ ಹದಿನಾಲ್ಕು ವಿನ್ಯಾಸಗಳೂ ಸಲ್ಲುತ್ತವೆಂದು ಸಾರಿತು. ಸಾವಿರ ರೂಪಾಯಿಗಳವರೆಗಿನ ಸಲ್ಲಿಕೆಯನ್ನು ನಾಣ್ಯಗಳಲ್ಲಿ ಮಾಡಬಹುದೆಂದು ಕಾಯಿದೆಯೇ ಹೇಳುತ್ತದೆ. ಕಾಯಿದೆ ಹೇಳಿದುದು ಅಂಗಡಿಯ ಕಟ್ಟೆಯ ತನಕ ಬರುವುದಕ್ಕೆ ವರ್ಷಗಳು ಹಿಡಿದುವು. ಅಷ್ಟರಲ್ಲಿ ದಿನಗೂಲಿಯ ಹೆಣ್ಣುಮಕ್ಕಳು ಕೈಯಲ್ಲಿ ಹತ್ತರ ನಾಲ್ಕು ನಾಣ್ಯಗಳಿದ್ದೂ ಹಾಲು ಸಿಕ್ಕದೆ ಹಿಂದಿರುಗಿದುದುಂಟು. ಸುಳ್ಳು ಅಪರೂಪದಿಂದ ಆದ ನಷ್ಟಕ್ಕಿಂತ ಇದು ಚಿಕ್ಕದೆಂದು ನನಗೆ ತೋರುವುದಿಲ್ಲ.

ಕೊನೆಯದಾಗಿ ಹೊಲದಲ್ಲಿ ಸಿಕ್ಕುವ ನಾಣ್ಯಗಳ ವಿಷಯದಲ್ಲಿ ಒಂದು ಮಾತು. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಶಾಸನಗಳಿಂದ ತುಂಬಿದ ನೆಲ. 1894ರಲ್ಲಿ ಹೊರಬಂದ ರೈಸ್ ಸಾಹೇಬರ ಶಾಸನ ಸಂಪುಟದಲ್ಲಿಯೇ ಇವೆರಡರ ಶಾಸನಗಳೂ ಸೇರಿವೆ. ತಲಕಾಡಿನ ಗಂಗರ ಕಾಲದಿಂದ ಇಲ್ಲಿ ಹಣ ಓಡಾಡಿದೆ. ನೇಗಿಲಿಗೆ ಅಥವಾ ಪಾಯದ ಗುದ್ದಲಿಗೆ ಅಂತಹುದು ಸಿಕ್ಕಿದರೆ ನಿಕ್ಷೇಪದ ಕಾನೂನಿನಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಜೊತೆಯಲ್ಲಿ ಮಡಕೆಯ ಚೂರಿದ್ದಿತೇ ಎಂಬುದನ್ನು ಅಂದೇ ಒಂದು ಕಾಗದದಲ್ಲಿ ಬರೆದಿಡಬೇಕು. ನಾಣ್ಯಗಳನ್ನು ಒಂದು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟರೆ ಸಾಕು. ಮಣ್ಣು ಹತ್ತಿದ್ದರೆ ಹತ್ತಿಕೊಂಡೇ ಇರಲಿ, ಹುಣಸೆಹಣ್ಣನ್ನು ಮುಟ್ಟಿಸಬಾರದು.